ಅಸ್ತ್ರವೂ ಉಪಸಂಹಾರವೂ

ಮಹಾನವಮಿಯ ದಿನ ನಮ್ಮ ಮನೆಗಳಲ್ಲಿ ಆಯುಧಪೂಜೆ ನಡೆಯುವುದು ಅನೂಚಾನವಾಗಿ ಬಂದ ಸಂಪ್ರದಾಯ. ಊರಿನಲ್ಲಿದ್ದಾಗ ನೇಗಿಲು, ಕುಡುಗೋಲು, ಕೊಡಲಿ, ತಕ್ಕಡಿಗಳಿಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆವು. ಹೊಟ್ಟೆಪಾಡಿಗಾಗಿ ಈ ಮುಂಬಯಿ ಮಹಾನಗರಕ್ಕೆ ಬಂದು ನೆಲೆಸಿದ ಮೇಲೆ ಅದೇ ಕುಂಕುಮ ಹೊಲಿಗೆಯಂತ್ರಕ್ಕೂ ಸ್ಕೂಟರಿಗೂ ಮಕ್ಕಳ ಕಂಪ್ಯೂಟರಿಗೂ ಸಲ್ಲುತ್ತಿದೆ. ದುಡಿಮೆಗೆ ನೆರವಾಗುವ ಸಾಧನಗಳಲ್ಲೆಲ್ಲ ದೇವಿಯ ಸನ್ನಿಧಾನವನ್ನು ಕಾಣುವುದು ನಮ್ಮ ಹಿರಿಯರು ಕಲಿಸಿದ ಕೃತಜ್ಞತೆಯ ಪಾಠ. ಆದರೆ ಆಯುಧವೆಂಬ ಮಾತಿನ ಮೂಲ ಅರ್ಥಕ್ಕೇ ಸಲ್ಲುವ ವಸ್ತುವೊಂದು ಮನೆಯಲ್ಲಿದ್ದರೆ ಅದನ್ನೇನು ಮಾಡಬೇಕು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಮಿತ್ರರೊಬ್ಬರ ಪತ್ನಿ. "ನೀವೇ ಹೇಳಿ ರಾಯರೇ, ಅದನ್ನು ದೇವರ ಮುಂದೆ ಇಡಲೋ ಬೇಡವೋ?" ಎಂದು ಅವರು ಕೇಳಿದಾಗ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಅಂದಿನಿಂದ ನಡೆಸಿದ ಚಿಂತನೆಯನ್ನು ವಾಚಕರೊಡನೆ ಹಂಚಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶ.

ಮಿತ್ರರದು ಉಪನಗರದಲ್ಲಿ ಚಿನ್ನಬೆಳ್ಳಿಯ ಸಣ್ಣ ಅಂಗಡಿ. ಬಹಳ ವರ್ಷಗಳ ಹಿಂದೆ ಅಂಗಡಿಯಲ್ಲಿ ಕಳವಾದಾಗ ಪರವಾನಗಿ ಪಡೆದು ಒಂದು ರಿವಾಲ್ವರನ್ನು ಕೊಂಡರು. ಕೊಂಡದ್ದು ಕಪಾಟಿನಲ್ಲಿ ಕುಳಿತಿತು. ಹಾರಿಸಿದ್ದು ಒಮ್ಮೆಯೋ ಎರಡು ಬಾರಿಯೋ. ಆದರೂ ಅದು ಮನೆಯಲ್ಲಿದೆ ಎಂಬುದೇ ಒಂದು ಧೈರ್ಯ. ನಾಲ್ಕು ಜನ ಸೇರಿದಲ್ಲಿ, "ನನ್ನ ಮನೆಗೆ ಕಳ್ಳ ಬರಲಿ ನೋಡೋಣ" ಎಂದು ಅವರು ಹೇಳುತ್ತಿದ್ದುದುಂಟು. ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ನಗುತ್ತಿದ್ದುದೂ ಉಂಟು.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಾಗಿಲ ಬಳಿ ಸದ್ದಾಯಿತು. ಮಿತ್ರರು ಎದ್ದವರೇ ರಿವಾಲ್ವರನ್ನು ಕೈಗೆ ತೆಗೆದುಕೊಂಡರು. ಕತ್ತಲೆಯಲ್ಲಿ ಒಂದು ಆಕೃತಿ ಚಲಿಸಿತು. ಬೆರಳು ಟ್ರಿಗರಿನ ಮೇಲಿತ್ತು. ಅಷ್ಟರಲ್ಲಿ ಆ ಆಕೃತಿ ಕಾಲಿಗೆ ಸ್ಟೂಲು ತಗಲಿ, "ಅಜ್ಜಾ, ನಾನು" ಎಂದಿತು. ಪುಣೆಯಲ್ಲಿ ಓದುತ್ತಿದ್ದ ಮೊಮ್ಮಗ, ಯಾರ ನಿದ್ದೆಯೂ ಕೆಡದಿರಲೆಂದು ತನ್ನಲ್ಲಿದ್ದ ಕೀಲಿಕೈಯಿಂದ ಬಾಗಿಲು ತೆರೆದು ಒಳಗೆ ಬಂದಿದ್ದ. ಅನಾಹುತವೇನೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ವಾರ ಕಳೆದ ಮೇಲೆ, ಅರುವತ್ತೇಳರ ಪ್ರಾಯದಲ್ಲಿ, ಮಿತ್ರರು ಪಿಸ್ತೂಲು ತರಬೇತಿಯ ಶಿಬಿರವೊಂದಕ್ಕೆ ಹೆಸರು ಕೊಟ್ಟರು. "ಇನ್ನೂ ಚೆನ್ನಾಗಿ ಹೊಡೆಯುವುದನ್ನು ಕಲಿಯಬೇಕೆಂದಿದ್ದೀರಾ?" ಎಂದು ಪತ್ನಿ ಕಣ್ಣೀರಿಟ್ಟರು. ಆಯುಧಪೂಜೆಯ ಪ್ರಶ್ನೆ ಹುಟ್ಟಿದ್ದು ಆ ಕಣ್ಣೀರಿನಿಂದ.

ವಿಚಾರ ಮಾಡಿದಾಗ ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿರುವುದು ಕಾಣುತ್ತದೆ. ಶಸ್ತ್ರವಿದ್ಯೆಯನ್ನು ಕಲಿಯುವುದು ತಪ್ಪೇ ಎಂಬುದು ಒಂದು. ಶಸ್ತ್ರವನ್ನು ಇಟ್ಟುಕೊಳ್ಳುವುದು ಸರಿಯೇ ಎಂಬುದು ಇನ್ನೊಂದು. ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯದನ್ನು ನೋಡೋಣ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ಕೊಲ್ಲುವ ಕೌಶಲವನ್ನು ಬೆಳೆಸಿಕೊಳ್ಳಬಹುದೇ? ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಅಹಿಂಸೆಯ ಪರಮ ಪ್ರತಿಪಾದಕರಾದ ಮಹಾತ್ಮಾ ಗಾಂಧಿಯವರೇ 1920ರಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆಯುತ್ತ, ಹೇಡಿತನ ಮತ್ತು ಹಿಂಸೆ ಇವೆರಡೇ ದಾರಿಗಳು ಉಳಿದಾಗ ತಾವು ಹಿಂಸೆಯನ್ನೇ ಸೂಚಿಸುವುದಾಗಿ ಹೇಳಿದರು. ಅಹಿಂಸೆ ಅದಕ್ಕಿಂತ ಎಷ್ಟೋ ಮೇಲೆಂಬುದನ್ನೂ, ದಂಡಿಸುವ ಶಕ್ತಿಯುಳ್ಳವನ ಕ್ಷಮೆಯೇ ನಿಜವಾದ ಕ್ಷಮೆ ಎಂಬುದನ್ನೂ ಅದೇ ಲೇಖನದಲ್ಲಿ ಸ್ಪಷ್ಟಪಡಿಸಿದರು. ಶ್ರವಣಬೆಳಗೊಳದ ಬಾಹುಬಲಿ ನಮಗೆ ಪೂಜ್ಯನಾದುದು ಸೋತು ವಿರಕ್ತನಾದುದರಿಂದಲ್ಲ. ದೃಷ್ಟಿ, ಜಲ, ಮಲ್ಲ ಈ ಮೂರು ಯುದ್ಧಗಳಲ್ಲಿಯೂ ಅಣ್ಣನನ್ನು ಗೆದ್ದು, ಗೆಲುವು ಕೈಯಲ್ಲಿರುವಾಗಲೇ ಅದನ್ನು ಬಿಟ್ಟುಕೊಟ್ಟವನು ಅವನು. ಶಕ್ತಿಯಿಲ್ಲದವನ ಸಂಯಮಕ್ಕೆ ಪರೀಕ್ಷೆಯೇ ಇಲ್ಲ.

ದೇಶದ ಕಾನೂನೂ ಈ ನಡುದಾರಿಯನ್ನೇ ಹಿಡಿದಿದೆ. 1860ರ ದಂಡಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ಆದರೆ ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಕೇಡನ್ನು ಮಾಡಲು ಆ ಹಕ್ಕು ಎಡೆಗೊಡದು. 2016ರ ಆಯುಧ ನಿಯಮಗಳಂತೆ ಹೊಸದಾಗಿ ಪರವಾನಗಿ ಬೇಡುವವರು ಆಯುಧಗಳ ಸುರಕ್ಷತೆಯ ತರಬೇತಿಯನ್ನು ಮುಗಿಸಿರಬೇಕು. ನನ್ನ ಮಿತ್ರರ ಪರವಾನಗಿ ಅದಕ್ಕಿಂತ ಹಳೆಯದು. ಆದುದರಿಂದ ಕಲಿಯದೆಯೇ ಅವರು ಇಷ್ಟು ವರ್ಷ ಆಯುಧಧಾರಿಗಳಾಗಿದ್ದರು.

ಕುತೂಹಲದಿಂದ ನಾನೂ ಒಂದು ಭಾನುವಾರ ಅವರೊಡನೆ ತರಬೇತಿಯ ಅಂಗಳಕ್ಕೆ ಹೋದೆ. ಗುಂಡಿನ ಸದ್ದನ್ನು ನಿರೀಕ್ಷಿಸಿ ಹೋದವನಿಗೆ ಮೊದಲ ಒಂದು ಗಂಟೆ ಕೇಳಿಸಿದ್ದು ಬರಿಯ ಮಾತು. ಗುರುಗಳು ನಾಲ್ಕು ನಿಯಮಗಳನ್ನು ಮತ್ತೆ ಮತ್ತೆ ಹೇಳಿಸಿದರು. ಪ್ರತಿಯೊಂದು ಆಯುಧದಲ್ಲಿಯೂ ಗುಂಡು ಇದೆಯೆಂದೇ ಭಾವಿಸಬೇಕು, ಈಗ ತಾನೇ ಖಾಲಿ ಮಾಡಿದ್ದರೂ ಸರಿಯೆ. ಯಾವುದನ್ನು ನಾಶಮಾಡಲು ಮನಸ್ಸಿಲ್ಲವೋ ಅದರತ್ತ ನಳಿಗೆಯನ್ನು ತಿರುಗಿಸಕೂಡದು. ಗುರಿಯೂ ನಿರ್ಧಾರವೂ ಸ್ಥಿರವಾಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಕೂಡದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ತಿಳಿಯದೆ ಹಾರಿಸಕೂಡದು. ಇವುಗಳಲ್ಲಿ ಒಂದಾದರೂ ಹೇಗೆ ಹೊಡೆಯಬೇಕೆಂಬುದನ್ನು ಹೇಳುವುದಿಲ್ಲ. ನಾಲ್ಕೂ ಹೇಳುವುದು ಹೊಡೆಯದಿರುವುದನ್ನೇ. ಪತಂಜಲಿಗಳು ಯೋಗಕ್ಕೆ ಯಮಗಳನ್ನು ಮೊದಲ ಮೆಟ್ಟಿಲಾಗಿಟ್ಟು, ಆ ಯಮಗಳಲ್ಲಿಯೂ ಅಹಿಂಸೆಯನ್ನೇ ಮೊದಲು ಹೇಳಿದ್ದು ನನಗೆ ನೆನಪಾಯಿತು. ಮಿತ್ರರು ಆ ರಾತ್ರಿ ಮುರಿದದ್ದು ಒಂದು ನಿಯಮವನ್ನಲ್ಲ, ಮೂರನ್ನು. ಮೂರನೆಯದನ್ನೂ ನಾಲ್ಕನೆಯದನ್ನೂ ಗುರುಗಳು ಹೇಳುವಾಗ ಅವರು ತಲೆ ತಗ್ಗಿಸಿ ನಿಂತಿದ್ದರು.

ಟ್ರಿಗರನ್ನು ನಮ್ಮ ಕಡೆಯ ಹಳಬರು ಕೋವಿಯ ಕುದುರೆ ಎನ್ನುತ್ತಿದ್ದರು. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಅದು ಘೋಡಾ. ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಬುದ್ಧಿಯನ್ನು ಸಾರಥಿಗೂ ಹೋಲಿಸಿದ ಕಠೋಪನಿಷತ್ತನ್ನು ಬಲ್ಲವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಲಗಾಮಿಲ್ಲದ ಕುದುರೆಯ ಮೇಲೆ ಬೆರಳಿಟ್ಟವನು ಸವಾರನಲ್ಲ.

ಅನಂತರದ ಪಾಠ ದೃಷ್ಟಿಯದು. ದ್ರೋಣಾಚಾರ್ಯರ ಪರೀಕ್ಷೆಯಲ್ಲಿ ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯ ತಲೆಯೊಂದೇ ಕಂಡಿತೆಂದು ಓದಿದ್ದೇವೆ. ಪಿಸ್ತೂಲಿನ ಗುರುಗಳು ಹೇಳಿದ್ದು ಬೇರೆ. ಕಣ್ಣಿಗೆ ಹಿಂದಿನ ಸೈಟು, ಮುಂದಿನ ಸೈಟು, ದೂರದ ಗುರಿ ಈ ಮೂರೂ ಒಮ್ಮೆಗೇ ಸ್ಪಷ್ಟವಾಗಿ ಕಾಣಲಾರವು. ಆದುದರಿಂದ ಮುಂದಿನ ಸೈಟಿನ ಮೇಲೆ ನೋಟವನ್ನು ನಿಲ್ಲಿಸಿ, ಗುರಿ ಮಸುಕಾಗಿಯೇ ಇರಲಿ ಎಂದು ಬಿಡಬೇಕು. ಕಾರಣ ಸರಳವಾದ ಗಣಿತ. ಎರಡು ಸೈಟುಗಳ ನಡುವೆ 15 ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳಿ. ಅಲ್ಲಿ 1 ಮಿಲಿಮೀಟರಿನ ತಪ್ಪಾದರೆ 10 ಮೀಟರ್ ದೂರದ ಗುರಿಯಲ್ಲಿ ಅದು ಸುಮಾರು 67 ಮಿಲಿಮೀಟರಿನ ತಪ್ಪಾಗುತ್ತದೆ. 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಕೈಯ ಹತ್ತಿರದ ಅಲ್ಪ ದೋಷ ದೂರದಲ್ಲಿ ಮಹಾದೋಷ. ದೂರದ ಫಲವನ್ನು ದಿಟ್ಟಿಸುವವನು ಹತ್ತಿರದ ಕರ್ಮದಲ್ಲಿ ತಪ್ಪುತ್ತಾನೆ. ಗೀತಾಚಾರ್ಯನ ಕರ್ಮಯೋಗದ ಉಪದೇಶಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವನ್ನು ನಾನು ಬೇರೆ ಕಂಡಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದ ಮನು ಭಾಕರ್, ಆ ಕ್ಷಣದಲ್ಲಿ ತಮಗೆ ಗೀತೆಯ ಈ ಬೋಧೆಯೇ ನೆನಪಿನಲ್ಲಿತ್ತೆಂದು ಹೇಳಿದರು. ಅದಕ್ಕೆ ಮೂರು ವರ್ಷಗಳ ಹಿಂದೆ ಟೋಕಿಯೋದಲ್ಲಿ ಪಿಸ್ತೂಲು ಕೆಟ್ಟು ಬರಿಗೈಯಲ್ಲಿ ಮರಳಿದ ಹುಡುಗಿ ಅವರು. ಫಲ ಕೈತಪ್ಪಿದರೂ ಕರ್ಮವನ್ನು ಬಿಡದವರ ಬಾಯಲ್ಲಿ ಆ ಮಾತಿಗೆ ತೂಕವಿದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿಯ ಪದಕ ಗಳಿಸಿದವರು. ಇಂಥವರ ಕೈಯಲ್ಲಿ ಪಿಸ್ತೂಲು ಏಕಾಗ್ರತೆಯ ಸಾಧನವೇ ಹೊರತು ಹಿಂಸೆಯ ಉಪಕರಣವಲ್ಲ.

ಆದರೆ ಮಿತ್ರರ ಕಣ್ಣು ತೆರೆಸಿದ ಪಾಠ ಇನ್ನೊಂದು. ಗುರುಗಳು ಅವರಿಗೆ ಕಾಣದಂತೆ ರಿವಾಲ್ವರಿನಲ್ಲಿ ಕೆಲವು ಗುಂಡುಗಳ ನಡುವೆ ಒಂದೆರಡು ಖಾಲಿ ತೋಟೆಗಳನ್ನು ಸೇರಿಸಿಟ್ಟರು. ಮಿತ್ರರು ಗುರಿ ಹಿಡಿದು ಟ್ರಿಗರನ್ನೆಳೆದರು. ಗುಂಡು ಹಾರಲಿಲ್ಲ, ಸದ್ದಾಗಲಿಲ್ಲ. ಆದರೂ ಅವರ ಕೈ ಬೆಚ್ಚಿ, ನಳಿಗೆ ಕೆಳಕ್ಕೆ ಜಗ್ಗಿತು. ಆಗಬಹುದಾದ ಸದ್ದಿಗೆ ಅವರ ದೇಹ ಮೊದಲೇ ಹೆದರಿತ್ತು. "ಇಷ್ಟು ವರ್ಷ ಇದನ್ನೇ ನಾನು ಧೈರ್ಯ ಎಂದುಕೊಂಡಿದ್ದೆ" ಎಂದು ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ಅವರು ಮೆಲ್ಲಗೆ ಹೇಳಿದರು. ಆಯುಧವನ್ನು ಕೊಳ್ಳುವುದರಿಂದ ಭಯ ಹೋಗುವುದಿಲ್ಲ. ಅದು ಆಯುಧದೊಳಗೆ ಅಡಗಿ ಕುಳಿತುಕೊಳ್ಳುತ್ತದೆ. ಕತ್ತಲೆಯಲ್ಲಿ ಮೊಮ್ಮಗನತ್ತ ನಳಿಗೆಯನ್ನು ತಿರುಗಿಸಿದ್ದು ಆ ಭಯವೇ.

ಇಲ್ಲಿ ಮಹಾಭಾರತದ ಸೌಪ್ತಿಕಪರ್ವವನ್ನು ಸ್ಮರಿಸುವುದು ಉಚಿತ. ನಿದ್ರಿಸುತ್ತಿದ್ದವರನ್ನು ಇರುಳಿನಲ್ಲಿ ಕೊಂದ ಅಶ್ವತ್ಥಾಮನು ಭೀಮನು ಬೆನ್ನಟ್ಟಿ ಬಂದಾಗ ಹೆದರಿ, ಒಂದು ಹುಲ್ಲುಕಡ್ಡಿಯಲ್ಲಿ ಬ್ರಹ್ಮಶಿರೋಸ್ತ್ರವನ್ನು ಆವಾಹಿಸಿ ಬಿಟ್ಟನು. ಅರ್ಜುನನೂ ಪ್ರತ್ಯಸ್ತ್ರವನ್ನು ಹೂಡಿದನು. ಲೋಕ ಸುಡುವುದೆಂದು ನಾರದವ್ಯಾಸರು ನಡುವೆ ಬಂದು ನಿಂತು, ಅಸ್ತ್ರಗಳನ್ನು ಹಿಂತೆಗೆಯಿರೆಂದರು. ಅರ್ಜುನನು ಹಿಂತೆಗೆದನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಇಬ್ಬರಿಗೂ ಪ್ರಯೋಗ ಗೊತ್ತಿತ್ತು. ಉಪಸಂಹಾರದ ಶಕ್ತಿ ಇದ್ದುದು ವ್ರತನಿಷ್ಠನಾದ ಒಬ್ಬನಿಗೆ ಮಾತ್ರ. ಮರಳಿ ಬಾರದ ಆ ಅಸ್ತ್ರ ಕೊನೆಗೆ ಬಿದ್ದದ್ದು ಯಾವ ಶತ್ರುವೀರನ ಮೇಲೂ ಅಲ್ಲ, ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ. ಶ್ರೀಕೃಷ್ಣನ ಕೃಪೆಯಿಂದ ಪರೀಕ್ಷಿತನು ಬದುಕಿದನು. ಭಯದಿಂದ ಬಿಟ್ಟ ಅಸ್ತ್ರ ಯಾರ ಮೇಲೆ ಬೀಳುವುದೆಂಬುದು ಬಿಟ್ಟವನಿಗೂ ತಿಳಿಯದು. ಆ ರಾತ್ರಿ ಮಿತ್ರರ ಮನೆಯಲ್ಲಿ ಸ್ಟೂಲಿನ ರೂಪದಲ್ಲಿ ಬಂದದ್ದು ಕೃಷ್ಣಕೃಪೆಯೇ ಎಂದು ಅವರ ಪತ್ನಿ ಇಂದಿಗೂ ನಂಬುತ್ತಾರೆ. ನಾನೂ ನಂಬುತ್ತೇನೆ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಪ್ರಯೋಗವನ್ನಷ್ಟೇ ಕಲಿಸುವ ವಿದ್ಯೆ ಅರೆವಿದ್ಯೆ, ಅದು ಅಪಾಯ. ಉಪಸಂಹಾರವನ್ನೂ ಕಲಿಸುವ ವಿದ್ಯೆ ಧರ್ಮಕ್ಕೆ ವಿರೋಧವಲ್ಲ. ಆಯುಧವಿರುವವನು ಕಲಿಯದಿರುವುದೇ ಹೆಚ್ಚಿನ ಅಧರ್ಮ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಕಲಿತವನ ಮನೆಯಲ್ಲಿಯೂ ಕಲಿಯದವರಿರುತ್ತಾರೆ. ಮಕ್ಕಳಿರುತ್ತಾರೆ, ಕೋಪವಿರುತ್ತದೆ, ಖಿನ್ನತೆಯ ದಿನಗಳಿರುತ್ತವೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಪ್ರಸಿದ್ಧ ವೈದ್ಯಕೀಯ ಅಧ್ಯಯನವೊಂದು, ಬಂದೂಕವಿರುವ ಮನೆಗಳಲ್ಲಿ ಮನೆಯವರು ಕೊಲೆಗೀಡಾಗುವ ಸಂಭವ ಸುಮಾರು 2.7 ಪಟ್ಟು ಹೆಚ್ಚೆಂದು ಕಂಡಿತು. ಅದರ ವಿಧಾನವನ್ನು ಕುರಿತು ವಾದಗಳು ನಡೆದಿರುವುದು ನಿಜ, ನಮ್ಮ ಸಮಾಜ ಬೇರೆಯೆಂಬುದೂ ನಿಜ. ಆದರೂ ರಕ್ಷಣೆಗೆಂದು ತಂದದ್ದು ಮನೆಯವರನ್ನೇ ನುಂಗಬಹುದೆಂಬ ಎಚ್ಚರಿಕೆಯನ್ನು ಮರೆಯುವಂತಿಲ್ಲ. ಎಂಥ ತರಬೇತಿಯೂ ಈ ಅಪಾಯವನ್ನು ಪೂರ್ತಿಯಾಗಿ ನೀಗಿಸಲಾರದು.

ಪಾಂಡವರು ಇದಕ್ಕೊಂದು ದಾರಿಯನ್ನು ತೋರಿಸಿದ್ದಾರೆ. ಅಜ್ಞಾತವಾಸಕ್ಕೆ ಹೊರಟಾಗ ಅವರು ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿ, ಯಾರೂ ಬಳಿ ಸುಳಿಯದಂತೆ ಒಂದು ಶವವನ್ನೂ ತೂಗುಹಾಕಿದರು. ಅರ್ಜುನನು ಗಾಂಡೀವವಿಲ್ಲದೆ ಬೃಹನ್ನಳೆಯಾಗಿ ನೃತ್ಯವನ್ನು ಕಲಿಸುತ್ತ ವಿರಾಟನ ಮನೆಯಲ್ಲಿ ಬಾಳಿದನು. ಬಿಲ್ಲು ಮರದ ಮೇಲಿತ್ತು, ವಿದ್ಯೆ ಅವನಲ್ಲಿತ್ತು. ಗೋಗ್ರಹಣದ ದಿನ ಬಿಲ್ಲು ಬೇಕಾದಾಗ ವಿದ್ಯೆ ಕೈಬಿಡಲಿಲ್ಲ. ಕೊಚ್ಚಿಕೊಳ್ಳುತ್ತಿದ್ದ ಉತ್ತರಕುಮಾರನು ರಥದಿಂದ ಇಳಿದು ಓಡಿದ್ದೂ ಅದೇ ದಿನ. ವಿಜಯದಶಮಿಯಂದು ನಾವು ಪೂಜಿಸುವುದು ಯುದ್ಧಭೂಮಿಯನ್ನಲ್ಲ, ಆಯುಧಗಳನ್ನು ಬಚ್ಚಿಟ್ಟು ಕಾಪಾಡಿದ ಮರವನ್ನು. ಮೈಸೂರಿನ ದಸರೆಯ ಮೆರವಣಿಗೆಯೂ ಬನ್ನಿಮಂಟಪವನ್ನೇ ಸೇರುತ್ತದೆ.

ಮಿತ್ರರು ಬಹಳ ಯೋಚಿಸಿ ಒಂದು ನಿರ್ಧಾರಕ್ಕೆ ಬಂದರು. ರಿವಾಲ್ವರು ಈಗ ಮನೆಯಲ್ಲಿಲ್ಲ. ಪರವಾನಗಿಯುಳ್ಳ ವ್ಯಾಪಾರಿಯ ಬಳಿ ಠೇವಣಿಯಲ್ಲಿದೆ. ಅದು ಅವರ ಬನ್ನಿಯ ಮರ. ಅಂಗಡಿಗೆ ಒಳ್ಳೆಯ ಬೀಗವನ್ನೂ ಕಾವಲುಗಾರನನ್ನೂ ಇಟ್ಟಿದ್ದಾರೆ. ಆದರೆ ಭಾನುವಾರದ ಅಭ್ಯಾಸವನ್ನು ಬಿಟ್ಟಿಲ್ಲ. ಏರ್ ಪಿಸ್ತೂಲಿನಿಂದ ಕಾಗದದ ಗುರಿಗೆ ಹೊಡೆಯುತ್ತಾರೆ. ಕೈ ಬೆಚ್ಚುವುದು ಕಡಿಮೆಯಾಗಿದೆಯಂತೆ. ಎಲ್ಲರೂ ಹೀಗೆಯೇ ಮಾಡಬೇಕೆಂದು ನಾನು ಹೇಳಲಾರೆ. ನಿರ್ಜನವಾದ ತೋಟದಲ್ಲಿ ಒಂಟಿಯಾಗಿ ವಾಸಿಸುವವರ ಕಷ್ಟ ಬೇರೆ, ಕಾವಲಿನ ಉದ್ಯೋಗದವರ ಕರ್ತವ್ಯ ಬೇರೆ. ಅವರವರ ವಿವೇಕವೇ ಅವರವರಿಗೆ ಸಾರಥಿ.

ಆ ತಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ಆಯುಧವನ್ನು ದೇವಿಯ ಮುಂದಿಡುವುದೆಂದರೆ ಅದರ ಮೇಲಿನ ನಮ್ಮ ಅಧಿಕಾರವನ್ನು ಅವಳಿಗೆ ಒಪ್ಪಿಸುವುದು. ಹಾಗೆ ಒಪ್ಪಿಸಲು ಮನಸ್ಸಿದ್ದರೆ ಇಡಿ. ಅಹಂಕಾರಕ್ಕೆ ಕುಂಕುಮ ಹಚ್ಚುವುದಾದರೆ ಬೇಡ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಸಲ ಅವರ ಕೈಗೇ ಕುಂಕುಮ ಹಚ್ಚುತ್ತೇನೆ" ಎಂದರು.

ಪರನಾಡಿನಲ್ಲಿ ನೆಲೆಸಿದ ನಾವೆಲ್ಲರೂ ನಾಳೆ ಬನ್ನಿಯನ್ನು ಹಂಚಿಕೊಂಡು ಬಂಗಾರದಂತಿರೋಣವೆಂದು ಒಬ್ಬರಿಗೊಬ್ಬರು ಹಾರೈಸುತ್ತೇವೆ. ಬನ್ನಿಯನ್ನು ಕೊಡುವಾಗ ಅಂಗೈ ತೆರೆದಿರುತ್ತದೆ. ಮಹಿಷಮರ್ದಿನಿಯಾದ ತಾಯಿ ನಮ್ಮ ಕೈಗಳಿಗೆ ಶಕ್ತಿಯನ್ನೂ, ಆ ಶಕ್ತಿಯನ್ನು ಹಿಂತೆಗೆದುಕೊಳ್ಳುವ ಸಂಯಮವನ್ನೂ ಕರುಣಿಸಲಿ.