ಸಮಪಾಲು ಅಂದರೆ ಯಾವುದಕ್ಕೆ ಸಮ?

ತುಂಡು ತುಂಡು ಹೊಲಗಳನ್ನು ಕೂಡಿಸಿ ಒಂದೇ ಕಡೆ ಕೊಡುತ್ತೇವೆ ಅಂದರೆ ಯಾರು ಬೇಡ ಅಂತಾರೆ? ಮೂಡಲಿಗೆ ಹತ್ತು ಗುಂಟೆ, ಪಡುವಲಿಗೆ ಹದಿನೈದು ಗುಂಟೆ ಇಟ್ಟುಕೊಂಡು ನೇಗಿಲು ಹೊತ್ತು ಊರು ಸುತ್ತುವವನ ಕಾಲುನೋವು ನಮಗೆ ಗೊತ್ತು. ಕೂಡಿಸುವ ಕೆಲಸ ಒಳ್ಳೆಯದೇ. ಆದರೆ ಕೂಡಿಸಿದ ಮೇಲೆ ಹಂಚಬೇಕಲ್ಲ, ಆಗ ಯಾರಿಗೆ ಯಾವ ಮಣ್ಣು? ನ್ಯಾಯದ ಪ್ರಶ್ನೆ ಶುರುವಾಗುವುದೇ ಅಲ್ಲಿ.

ಉತ್ತರ ಪ್ರದೇಶವನ್ನೇ ನೋಡೋಣ. ಅಲ್ಲಿ ಇದಕ್ಕೆ ಚಕಬಂದಿ ಅನ್ನುತ್ತಾರೆ. ನಮ್ಮ ಕ್ರಯಪತ್ರದಲ್ಲಿ ಬರೆಯುವ ಚೆಕ್ಕುಬಂದಿ ಬೇರೆ, ಇದು ಬೇರೆ. 1953ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಮಣ್ಣು, ನೀರು ನೋಡಿ ಪ್ರತಿ ತುಂಡಿಗೂ ಬೆಲೆ ಕಟ್ಟಬೇಕು. ಬಿಟ್ಟುಕೊಟ್ಟ ನೆಲಕ್ಕೆ ಹೆಚ್ಚುಕಡಿಮೆ ಅಷ್ಟೇ ಬೆಲೆಯ ನೆಲ ಸಿಗಬೇಕು. ಅದರ 19ನೆಯ ಕಲಮು ಹೇಳುವ ಎರಡು ಮಾತು ಮುಖ್ಯ. ಆದಷ್ಟೂ ಒಬ್ಬನ ಹಿಡುವಳಿಯ ದೊಡ್ಡ ಪಾಲು ಎಲ್ಲಿದೆಯೋ ಅಲ್ಲೇ ಅವನಿಗೆ ನೆಲ ಕೊಡಬೇಕು. ಸ್ವಂತ ಬಾವಿಯಂಥ ನೀರಾವರಿ ಇರುವ ತುಂಡು ಆದಷ್ಟೂ ಅವನಿಗೇ ಉಳಿಯಬೇಕು.

ಓದಿದರೆ ಸರಿ ಅನ್ನಿಸುತ್ತದೆ. ಕಷ್ಟಪಟ್ಟು ತೋಡಿಸಿದ ಬಾವಿಯನ್ನು ಕಿತ್ತುಕೊಳ್ಳುವುದು ಸರಿಯಾ ಅಂತ ಕೇಳಿದರೆ ನಾವೂ ಸರಿಯಲ್ಲ ಅಂತಲೇ ಅನ್ನುತ್ತೇವೆ. ಆದರೆ ಗೆಳೆಯರೇ, ತೋಡಿಸಿದವನು ಬೇರೆ, ತೋಡಿದವನು ಬೇರೆ. ತೋಡಿದವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನೀರು ಬಂದ ಮೇಲೆ ದೂರ ನಿಲ್ಲು ಅನ್ನಿಸಿಕೊಂಡವನೂ ಅವನೇ.

ಕಾಯ್ದೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತದೆ: ನಿನ್ನ ಹತ್ತಿರ ಏನಿತ್ತು? ನೂರಿದ್ದವನಿಗೆ ನೂರು, ಹತ್ತಿದ್ದವನಿಗೆ ಹತ್ತು, ಸೊನ್ನೆ ಇದ್ದವನಿಗೆ ಸೊನ್ನೆ. ಲೆಕ್ಕ ಸರಿಯಾಗಿದೆ. ನ್ಯಾಯ ಮಾತ್ರ ಆಗಿಲ್ಲ.

ಭೂಮಿ ಇಲ್ಲದವರನ್ನು ಕಾಯ್ದೆ ಪೂರ್ತಿ ಮರೆತಿಲ್ಲ. 'ಹರಿಜನ'ರಿಗೆ, ಭೂಹೀನರಿಗೆ ವಾಸದ ಜಾಗ ತೆಗೆದಿಡಬೇಕು ಅನ್ನುತ್ತದೆ. ಮಲಗಲು ಜಾಗ ಆಯಿತು. ಬೆಳಗ್ಗೆ ಎದ್ದು ಯಾರ ಹೊಲಕ್ಕೆ ಹೋಗಬೇಕು?

ಇನ್ನು ತಕರಾರಿನ ಮಾತು. ನನಗೆ ಚೌಳು ನೆಲ ಬಂತು ಅಂತ ಸಣ್ಣ ರೈತ ಕೇಳಬೇಕಾದರೆ ಸಿವಿಲ್ ಕೋರ್ಟಿನ ಬಾಗಿಲನ್ನು 49ನೆಯ ಕಲಮು ಮುಚ್ಚಿದೆ. ಚಕಬಂದಿ ಅಧಿಕಾರಿಯ ಮುಂದೆ ತಕರಾರು, ಅದರ ಮೇಲೆ ಅಪೀಲು, ಅದರ ಮೇಲೆ ರಿವಿಜನ್, ಆಮೇಲೆ ಹೈಕೋರ್ಟಿಗೆ ರಿಟ್. ಮೆಟ್ಟಿಲು ಎಲ್ಲರಿಗೂ ಒಂದೇ. ಆದರೆ ಉಳ್ಳವನು ವಾಯಿದೆಗೆ ಹೋದ ದಿನ ಅವನ ಹೊಲದಲ್ಲಿ ಆಳು ಉಳುತ್ತಾನೆ. ಇಲ್ಲದವನು ಹೋದ ದಿನ ಮನೇಲಿ ಒಲೆ ಉರಿಯೋದಿಲ್ಲ.

ಅಂಬೇಡ್ಕರರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದಿದ್ದರು. ಹೊಲ ಚಿಕ್ಕದು ಅನ್ನುವುದೊಂದೇ ರೋಗವಲ್ಲ. ಹೂಡಲು ಬಂಡವಾಳವಿಲ್ಲ, ಬೇರೆ ದುಡಿಮೆಯಿಲ್ಲದೆ ಜನ ನೆಲಕ್ಕೇ ಅಂಟಿಕೊಂಡಿದ್ದಾರೆ, ಕೈಗಾರಿಕೆ ಬೆಳೆಯಬೇಕು ಅಂತ ವಾದಿಸಿದ್ದರು. 1947ರ ಮುಂಬಯಿ ಕಾಯ್ದೆ ಹಿಡಿದದ್ದು ಮಾತ್ರ ತುಂಡಾಗದಂತೆ ತಡೆಯುವ, ತುಂಡಾದದ್ದನ್ನು ಕೂಡಿಸುವ ದಾರಿ. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಅಲ್ಲಿಗೆ ಇದು ಬರೀ ದೂರದ ಉತ್ತರ ಪ್ರದೇಶದ ಕತೆಯಲ್ಲ.

ಹಾಗಾದರೆ ನಾವು ಕೇಳುವುದೇನು? ಯಾರ ಬಾವಿಯನ್ನೂ ಮುಚ್ಚಿ ಅಂತಲ್ಲ. ಬಾವಿ ಒಬ್ಬನದಾದರೂ ನೀರಿನಲ್ಲಿ ನೆರೆಹೊಲದವನಿಗೆ ಪಾಲಿರಲಿ. ಊರೊಟ್ಟಿನ ನೆಲದಲ್ಲಿ ಮೊದಲ ಹಕ್ಕು ನೆಲವಿಲ್ಲದವನದಾಗಲಿ. ಏನಿತ್ತು ಅಂತ ಕೇಳುವ ಅಧಿಕಾರಿ, ಯಾಕಿರಲಿಲ್ಲ ಅಂತಲೂ ಕೇಳಲಿ.

ಉತ್ತರ ಹೇಳಲು ನಾವು ತಯಾರಿದ್ದೇವೆ. ಕೇಳುವವರು ಕೇರಿಗೆ ಬರಲಿ.