ಮೀಸಲು ನೆಲದ ಹುಲ್ಲು

ಕನ್ನಡದ 'ಮೀಸಲು' ಎಂಬ ಮಾತಿನ ಹಳೆಯ ಅರ್ಥ, ಯಾರೂ ಮುಟ್ಟದೆ, ಎಂಜಲಾಗಗೊಡದೆ ದೇವರಿಗೆಂದು ತೆಗೆದಿರಿಸಿದ್ದು ಎಂದು; ಇತ್ತೀಚಿನ ಅರ್ಥ, ಕಾನೂನಿನ ಬಲದಿಂದ ಒಂದು ಉದ್ದೇಶಕ್ಕಾಗಿ ಕಾಯ್ದಿರಿಸಿದ್ದು ಎಂದು. ಮೊದಲನೆಯದರಲ್ಲಿ ಮುಟ್ಟದಿರುವುದೇ ಮುಖ್ಯವಾದರೆ, ಸಾರ್ವಜನಿಕ ವಿಹಾರಕ್ಕೆಂದು ಮೀಸಲಿಟ್ಟ ನೆಲದಲ್ಲಿ ಎಲ್ಲರೂ ಕಾಲಿಡಬಹುದೆಂಬುದೇ ಮುಖ್ಯ. ಈ ಎರಡು ಅರ್ಥಗಳೂ ಒಂದೇ ನೆಲದ ಮೇಲೆ ಬಂದು ಕೂಡಿದಾಗ ಯಾವುದು ಯಾವುದಕ್ಕೆ ಮಣಿಯಬೇಕು ಎಂಬ ಪ್ರಶ್ನೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನಡುವೆ ನಿಂತಿರುವ ಮೌಂಗಫೌ ಬೆಟ್ಟದಲ್ಲಿ ಇಂದಿಗೂ ಜೀವಂತವಾಗಿದೆ.

ಮೌಂಟ್ ಈಡನ್ ಎಂಬ ಇನ್ನೊಂದು ಹೆಸರೂ ಇರುವ ಈ ಬೆಟ್ಟ ಸುಮಾರು 28,000 ವರ್ಷಗಳ ಹಿಂದೆ ಸಿಡಿದು ತಣ್ಣಗಾದ ಜ್ವಾಲಾಮುಖಿ. ಅದರ ಎತ್ತರ 196 ಮೀಟರು; ನೆತ್ತಿಯಲ್ಲಿ ಸುಮಾರು 50 ಮೀಟರು ಆಳದ, ಹುಲ್ಲು ಹೊದ್ದ ಕುಳಿಯಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಆ ಕುಳಿಯನ್ನು 'ತೆ ಇಪು ಅ ಮತಾಹೊ', ಅಂದರೆ ಭೂಗರ್ಭದ ಶಕ್ತಿಗಳ ಒಡೆಯನಾದ ಮತಾಹೊ ದೇವತೆಯ ಬೋಗುಣಿ, ಎಂದು ಕರೆಯುತ್ತಾರೆ. ಅವರ ಹಿರಿಯರು ಇಳಿಜಾರಿನಲ್ಲಿ ಕಡಿದ ಮೆಟ್ಟಿಲು ಹಾಸುಗಳೂ ಸಿಹಿಗೆಣಸನ್ನು ಕೂಡಿಡಲು ತೋಡಿದ ಗುಂಡಿಗಳೂ ಇಂದಿಗೂ ಕಾಣುತ್ತವೆ. 2014ರ ಒಂದು ಕಾಯಿದೆಯು ಇಂತಹ 14 ಬೆಟ್ಟಗಳ ಒಡೆತನವನ್ನು ಮಾವೊರಿ ಕುಲಗಳ ಒಕ್ಕೂಟಕ್ಕೆ ಮರಳಿಸಿತು. ಆದರೆ ಆ ಕುಲಗಳ ಮತ್ತು ಆಕ್ಲೆಂಡಿನ ಉಳಿದೆಲ್ಲ ಜನರ ಸಮಾನ ಹಿತಕ್ಕಾಗಿ ಅವನ್ನು ನ್ಯಾಸವಾಗಿ, ಅಂದರೆ ಒಪ್ಪಿಸಿಕೊಂಡ ಸೊತ್ತಾಗಿ, ಕಾಯಬೇಕೆಂದೂ ವಿಧಿಸಿತು. ಹೀಗೆ ಒಂದೇ ಬೆಟ್ಟ ಮಾವೊರಿ ಜನರ ಪಾಲಿಗೆ ಪೂರ್ವಜನ ಮೈಯೂ ಹೌದು, ಊರವರ ವಿಹಾರದ ನೆಲವೂ ಹೌದು.

ಈ ನೆಲಕ್ಕೆ ಒದಗಿದ ಕೇಡು ದ್ವೇಷದಿಂದ ಬಂದದ್ದಲ್ಲ, ಪ್ರೀತಿಯಿಂದ ಬಂದದ್ದು. ಬಂದವರೆಲ್ಲರೂ ನೋಡಲೆಂದೇ ಬಂದರು. ಆದರೆ ಸಾವಿರಾರು ಕಾಲುಗಳ ಭಾರಕ್ಕೆ ಮಣ್ಣು ಬಿಗಿದು, ಬೇರಿಗೆ ಗಾಳಿಯೂ ನೀರೂ ಇಳಿಯದೆ ಹುಲ್ಲು ಸಾಯುತ್ತದೆ, ಹುಲ್ಲಿನ ಬೇರು ಬಿಟ್ಟ ಮಣ್ಣನ್ನು ಮಳೆ ಕೊಚ್ಚುತ್ತದೆ, ಕೊಚ್ಚಿದಲ್ಲಿ ಸಡಿಲ ಕಲ್ಲು ಮೇಲೆದ್ದು ಕಡಿದಾದ ಇಳಿಜಾರಿನಲ್ಲಿ ಮುಂದಿನವನ ಕಾಲು ಜಾರುತ್ತದೆ. ಹುಲ್ಲಿನ ಪುನರುಜ್ಜೀವನ ಒಂದು ಕೆಲಸ, ಜನರ ಸುರಕ್ಷತೆ ಬೇರೊಂದು ಕೆಲಸ ಎಂದು ಕಡತಗಳಲ್ಲಿ ವಿಂಗಡಿಸುವುದು ಸುಲಭವಾದರೂ ನೆಲದ ಮಟ್ಟದಲ್ಲಿ ಅವು ಬೇರೆಯಲ್ಲ, ಏಕೆಂದರೆ ಹುಲ್ಲನ್ನು ಹಿಡಿದ ಬೇರೇ ನಡೆಯುವವನನ್ನೂ ಹಿಡಿದಿದೆ.

ಇಲ್ಲಿ ಏಳುವ ತಾತ್ತ್ವಿಕ ತೊಡಕು ಕರ್ತೃತ್ವದ್ದು, ಅಂದರೆ ಮಾಡಿದವನು ಯಾರು ಎಂಬುದು. ಯಾವ ಒಂದು ಹೆಜ್ಜೆಯೂ ಹುಲ್ಲನ್ನು ಕೊಂದಿಲ್ಲ. ಹಾಗಿದ್ದೂ ಹುಲ್ಲು ಹೆಜ್ಜೆಗಳಿಂದಲೇ ಸತ್ತಿದೆ. ತಪ್ಪನ್ನು ಒಬ್ಬೊಬ್ಬರ ಮನಸ್ಸಿನಲ್ಲಿ ಹುಡುಕುವ ನೀತಿಗೆ ಈ ಕೇಡು ಸಿಕ್ಕುವುದೇ ಇಲ್ಲ. ಬೌದ್ಧ ಸಂಘದ ನಿಯಮಗಳ ಸಂಗ್ರಹವಾದ ವಿನಯಪಿಟಕವು ಇದೇ ತೊಡಕನ್ನು ಬಲು ಹಿಂದೆಯೇ ಎದುರಿಸಿತ್ತು. ಭಿಕ್ಷುಗಳು ಮಳೆಗಾಲದಲ್ಲೂ ಅಲೆಯುತ್ತ ಹಸಿರು ಹುಲ್ಲನ್ನು ತುಳಿಯುತ್ತಾರೆ, ಏಕೇಂದ್ರಿಯ ಜೀವಿಗಳನ್ನು, ಅಂದರೆ ಸ್ಪರ್ಶವೊಂದನ್ನೇ ಅರಿಯುವ ಜೀವಿಗಳನ್ನು, ನೋಯಿಸುತ್ತಾರೆ ಎಂದು ಜನರು ಆಕ್ಷೇಪಿಸಿದಾಗ, ಬುದ್ಧನು ಪ್ರತಿಯೊಂದು ಹೆಜ್ಜೆಯ ಪಾಪವನ್ನು ಅಳೆಯಲು ಹೋಗದೆ ಮೂರು ತಿಂಗಳ ವರ್ಷಾವಾಸವನ್ನು, ಒಂದೆಡೆ ನೆಲೆನಿಲ್ಲುವ ಕಟ್ಟಳೆಯನ್ನು, ವಿಧಿಸಿದನೆಂದು ಅಲ್ಲಿ ಹೇಳಿದೆ. ಆಕ್ಷೇಪವೆತ್ತಿದವರು ಸಾಧಕರಲ್ಲ, ಸಾಮಾನ್ಯ ಗೃಹಸ್ಥರು ಎಂಬುದನ್ನು ಗಮನಿಸಬೇಕು. ಕರ್ನಾಟಕದ ಜೈನ ಮುನಿಗಳು ಇಂದಿಗೂ ಪಾಲಿಸುವ ಚಾತುರ್ಮಾಸ್ಯದ ಹಿಂದೆಯೂ ಇದೇ ಕಾಳಜಿಯಿದೆ. ಎಲ್ಲ ಕಾಲದಲ್ಲೂ ಅವರು ಪಾಲಿಸುವ 'ಈರ್ಯಾಸಮಿತಿ'ಯು ಮುಂದಿನ ನಾಲ್ಕು ಮೊಳ ನೆಲವನ್ನು ಕಣ್ಣಿಟ್ಟು ನೋಡಿ ಹೆಜ್ಜೆಯಿಡುವ ವ್ರತ. ಆ ನೋಟವು ಹುಲ್ಲಿನ ಹುಳುವನ್ನೂ ಉಳಿಸುತ್ತದೆ, ನಡೆಯುವವನನ್ನೂ ಬೀಳದಂತೆ ಕಾಯುತ್ತದೆ.

ಮಾವೊರಿ ಪರಂಪರೆಯಲ್ಲಿ ಇದಕ್ಕೆ ಹತ್ತಿರವಾದದ್ದು 'ರಾಹುಯಿ'. ಬಳಸಿ ಬಳಲಿದ ಕಾಡು ಅಥವಾ ಕಡಲತೀರ ಚೇತರಿಸಿಕೊಳ್ಳಲೆಂದು ಹಿರಿಯರು ಅದರ ಬಳಕೆಯನ್ನು ಕೆಲಕಾಲ ತಡೆಯುತ್ತಾರೆ. ನೀರಿನಲ್ಲಿ ಯಾರಾದರೂ ಮುಳುಗಿ ಸತ್ತಾಗಲೂ ಅದೇ ಹೆಸರಿನ ತಡೆ ಬೀಳುತ್ತದೆ. ನೆಲದ ದಣಿವು, ಜನರ ಅಪಾಯ, ಸತ್ತವರ ಶೋಕ ಈ ಮೂರನ್ನೂ ಒಂದೇ ಮಾತು ಹಿಡಿದಿರುವುದು ಆ ಪರಂಪರೆಯ ದೊಡ್ಡ ಅರಿವು. ಮೌಂಗಫೌವಿನಲ್ಲಿ 2016ರ ಜನವರಿಯಿಂದ ನೆತ್ತಿಗೆ ವಾಹನ ಒಯ್ಯುವುದನ್ನು ನಿಲ್ಲಿಸಿ, ನಡೆಯಲಾಗದವರಿಗೆ ಮಾತ್ರ ದಾರಿ ತೆರೆದಿಟ್ಟು, ಮುಂದೆ ಕುಳಿಯ ಅಂಚಿನಲ್ಲಿ ಮರದ ಹಲಗೆಯ ಹಾದಿಯನ್ನು ನೆಲದಿಂದ ಮೇಲೆತ್ತಿ ಕಟ್ಟಿದ್ದು ಈ ಅರಿವಿಗೆ ಹೊಂದುವ ಕ್ರಮ.

ಆದರೆ ಪಾವಿತ್ರ್ಯದ ಹೆಸರಿನಲ್ಲಿ ಹಾಕಿದ ಬೇಲಿಯು ನ್ಯಾಸದ ಮಾತನ್ನು ಮರೆಯಬಾರದು. ಒಕ್ಕೂಟಕ್ಕೆ ಮರಳಿದ ಆ 14 ಬೆಟ್ಟಗಳಲ್ಲಿ ಒಂದಾದ ಓವೈರಾಕದಲ್ಲಿ ಹೊರನಾಡಿನ ನೂರಾರು ಮರಗಳನ್ನು ಕಡಿದು ನಾಡಿನ ಗಿಡಗಳನ್ನು ನೆಡುವ ತೀರ್ಮಾನವನ್ನು ಸುತ್ತಲಿನ ಜನರು ವಿರೋಧಿಸಿದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವು, ಸಾರ್ವಜನಿಕರ ಅಭಿಪ್ರಾಯವನ್ನು ಸರಿಯಾಗಿ ಕೇಳಲಿಲ್ಲವೆಂದು ಆ ತೀರ್ಮಾನವನ್ನು ಎತ್ತಿಹಿಡಿಯಲಿಲ್ಲ. ಈ ತೀರ್ಪು ಪಾವಿತ್ರ್ಯಕ್ಕೆ ಸೋಲೆಂದು ಭಾವಿಸುವುದು ಸರಿಯಲ್ಲ; ತಡೆಯುವವನು ತಡೆಯಲ್ಪಟ್ಟವನಿಗೆ ಕಾರಣ ಹೇಳಲೇಬೇಕು, ಕೇಳಿಸಿಕೊಳ್ಳಲೂ ಬೇಕು, ಇಲ್ಲವಾದರೆ ಒಪ್ಪಿಸಿಕೊಂಡ ಸೊತ್ತು ಕಸಿದುಕೊಂಡ ಸೊತ್ತಾಗುತ್ತದೆ.

ಹುಲ್ಲು ಚಿಗುರಿದ ಮೇಲೆ ತಡೆ ತೆಗೆಯಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ರಾಹುಯಿಗೆ ಕೊನೆಯಿದೆ, ಆದ್ದರಿಂದ ಇಳಿಜಾರಿನ ದಣಿದ ಹಾಸುಗಳು ಚೇತರಿಸಿಕೊಂಡಾಗ ಅಲ್ಲಿಗೆ ಕಾಲು ಮರಳಬಹುದು. ಕುಳಿಯ ಮಾತು ಬೇರೆ: ಅದು 'ತಪು', ಅಂದರೆ ಪವಿತ್ರವೆಂದು ಬಳಕೆಯಿಂದ ಹೊರಗಿಟ್ಟದ್ದು. ಅಲ್ಲಿನ ಹುಲ್ಲು ಎಷ್ಟೇ ದಟ್ಟವಾಗಿ ಬೆಳೆದು ಎಷ್ಟು ಭಾರವನ್ನು ತಾಳುವಂತಿದ್ದರೂ, ಬಂದವರು ಮೇಲಿನ ಹಲಗೆಯ ಹಾದಿಯಲ್ಲೇ ನಿಂತು ಮತಾಹೊವಿನ ಬೋಗುಣಿಯನ್ನು ನೋಡಿ ಹಿಂತಿರುಗುತ್ತಾರೆ.