ಮೂಲದ ಅಕ್ಷರ, ಭಕ್ತರ ಓದು

ಈಸ್ಟರ್ ಜಾಗರಣೆಯ ರಾತ್ರಿ ಕಥೋಲಿಕ ಚರ್ಚುಗಳಲ್ಲಿ ಹಚ್ಚುವ ದೊಡ್ಡ ಮೇಣದಬತ್ತಿಯ ಮೇಲೆ ಆ ವರ್ಷದ ಅಂಕಿಗಳ ಜೊತೆ ಎರಡು ಗ್ರೀಕ್ ಅಕ್ಷರಗಳಿರುತ್ತವೆ: ಆಲ್ಫಾ ಮತ್ತು ಒಮೇಗಾ. ಎಷ್ಟೋ ಬಲಿಪೀಠಗಳ ಮೇಲೆ ಕಾಣುವ, ಎಲ್ಲರೂ ಐ, ಎಚ್, ಎಸ್ ಎಂದು ಓದಿಕೊಳ್ಳುವ ಗುರುತೂ ಗ್ರೀಕಿನಿಂದ ಬಂದದ್ದೇ; ಅದು ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಬೆಂಗಳೂರಿನ ಕೆಂಗೇರಿ ಉಪನಗರದ ಭಕ್ತರ ಕಣ್ಣಿಗೂ ಹೀಗೆ ಬೀಳುವ ಲಿಪಿಯನ್ನು ಅವರು ಕಲಿಯಬೇಕೇ? ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿರುವಾಗ, ಹೊಸ ಒಡಂಬಡಿಕೆಯ ಗ್ರೀಕ್ ಮೂಲದ ಗೊಡವೆ ಸಾಮಾನ್ಯ ಓದುಗರಿಗೆ ಯಾಕೆ? ಕಲಿಯುವುದು ಒಳ್ಳೆಯದು ಎಂದೇ ನನ್ನ ನಿಲುವು. ವ್ಯಾಕರಣದವರೆಗೆ ಹೋಗದಿದ್ದರೂ ಸರಿ, ಬರೀ ಅಕ್ಷರ ಕಲಿತರೂ ಧರ್ಮಗ್ರಂಥವನ್ನು ಓದುವ ರೀತಿ ಬದಲಾಗುತ್ತದೆ.

ಕಲಿಯಬೇಕಾದದ್ದು 24 ಅಕ್ಷರ. ಇದರಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಎಪ್ಸಿಲಾನ್ ಮತ್ತು ಏಟಾ ನಮ್ಮ ಎ, ಏ ಇದ್ದಂತೆ; ಒಮಿಕ್ರಾನ್ ಮತ್ತು ಒಮೇಗಾ ನಮ್ಮ ಒ, ಓ ಇದ್ದಂತೆ. ಸಂಸ್ಕೃತದ ವರ್ಣಮಾಲೆಯಲ್ಲಿಲ್ಲದ ಈ ಹ್ರಸ್ವ-ದೀರ್ಘಗಳ ಜೋಡಿ ಕನ್ನಡದ ಮಗುವಿಗೂ ಗೊತ್ತು. ತೊಡಕಾಗುವುದು ಇಂಗ್ಲಿಷಿಗೆ ಒಗ್ಗಿದ ಕಣ್ಣಿಗೆ. ರೋ ಥೇಟ್ ಇಂಗ್ಲಿಷಿನ ಪಿ. ಆದರೆ ಅದರ ಸದ್ದು ರ. ಸಣ್ಣ ನ್ಯೂ ನೋಡಲು ವಿ, ಓದಬೇಕಾದದ್ದು ನ. ಆದ್ದರಿಂದ ಹೊಸಬರು ಪ್ರತಿ ಅಕ್ಷರದ ಮುಂದೆಯೂ ನಿಲ್ಲಲೇಬೇಕು. ಹಾಗೆ ನಿಲ್ಲುವುದೇ ಇಲ್ಲಿನ ಲಾಭ. ಚಿಕ್ಕಂದಿನಿಂದ ಬಾಯಿಗೆ ಬಂದ ಪ್ರಾರ್ಥನೆ ನಾಲಗೆಯ ಮೇಲೆ ಸರಾಗವಾಗಿ ಹರಿದುಹೋಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ 1941ರಲ್ಲಿ ಪ್ರಭುವಿನ ಪ್ರಾರ್ಥನೆಯನ್ನು ಗ್ರೀಕಿನಲ್ಲಿ ಬಾಯಿಪಾಠ ಮಾಡಿ ದಿನವೂ ಹೇಳತೊಡಗಿದರು. ನಡುವೆ ಗಮನ ತುಸು ತಪ್ಪಿದರೂ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಗ್ರೀಕ್ ಚೆನ್ನಾಗಿ ಬಲ್ಲ ಅವರು ಪಟ್ಟುಹಿಡಿದು ಸಾಧಿಸಿದ ಆ ಏಕಾಗ್ರತೆ, ಅಕ್ಷರ ಕೂಡಿಸಿ ಓದುವವರಿಗೆ ಬೇರೆ ದಾರಿಯೇ ಇಲ್ಲದ್ದರಿಂದ ಒದಗುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಜನರ ಕನ್ನಡದಲ್ಲೇ ನುಡಿದ ನಾಡಿದು. ಇಲ್ಲಿ ಮತ್ತೆ ಮೂಲಭಾಷೆಯ ಬೆನ್ನು ಹತ್ತಿದರೆ ಪುರೋಹಿತಶಾಹಿಯನ್ನು ಕೈಹಿಡಿದು ಕರೆತಂದಂತಲ್ಲವೇ? ಆ ಭಯ ನಿಜವಾದದ್ದು. ಆದರೆ ಲಿಪಿ ಕೆಲವರ ಕೈಯಲ್ಲಿ ಮಾತ್ರ ಉಳಿದಾಗಲೇ ಅಂಥ ಅಧಿಕಾರ ಬೆಳೆಯುವುದು. ಅಕ್ಷರ ಬಲ್ಲವರು, ‘ಮೂಲದಲ್ಲಿ ಹೀಗಿದೆ’ ಎಂದು ಯಾರಾದರೂ ಗದರಿಸಿದರೆ, ಆ ಪದ ಯಾವುದು, ತೋರಿಸಿ ಎಂದು ಕೇಳಬಲ್ಲರು. ಅರೆಬರೆ ಕಲಿಕೆ ಅಹಂಕಾರ ತರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಮೂಲವನ್ನು ಮುಟ್ಟಿಬಿಟ್ಟೆ ಎನ್ನುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಯೇಸು ಜನರೊಂದಿಗೆ ಆಡುತ್ತಿದ್ದ ಮಾತು ಅರಮಾಯಿಕ್. ನಮಗೆ ದೊರೆತಿರುವ ನಾಲ್ಕು ಸುವಾರ್ತೆಗಳು ಗ್ರೀಕಿನವು. ಆ ಗ್ರೀಕ್ ಅಕ್ಷರಗಳೂ ಫಿನೀಷಿಯನ್ನರಿಂದ ಪಡೆದವು. ನಾವು ಮೂಲ ಎನ್ನುವುದರಲ್ಲೇ ಯೇಸುವಿನ ಮಾತು ಒಮ್ಮೆ ಭಾಷೆ ದಾಟಿಯಾಗಿದೆ. ಇದನ್ನರಿತವರು ಕನ್ನಡ ಬೈಬಲನ್ನು ಕೀಳಾಗಿ ಕಾಣಲಾರರು. ಅದೂ ಅದೇ ಪಯಣದ ಮುಂದುವರಿಕೆ.

ಶಾಸ್ತ್ರದ ಮೂಲಭಾಷೆಯನ್ನು ಕಲಿಯುವ ವಿಚಾರ ಕೆಂಗೇರಿಗೆ ಹೊಸದಲ್ಲ. ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಇಲ್ಲಿ ನೆಲೆಸಿದರು. 1958ರಲ್ಲಿ ಕೇರಳದ ಕುರಿಸುಮಲೆಗೆ ಹೋಗುವ ಮುನ್ನ ಸಂಸ್ಕೃತದ ಅಭ್ಯಾಸಕ್ಕೆ ತೊಡಗಿದರು. ತಮ್ಮ ನಂಬಿಕೆಯನ್ನು ಬಿಡದೆಯೇ ಇನ್ನೊಬ್ಬರ ಶಾಸ್ತ್ರದ ಮುಂದೆ ವಿದ್ಯಾರ್ಥಿಯಾಗಿ ಕೂತರು. ತಮ್ಮದೇ ಗ್ರಂಥದ ಮುಂದೆ ಹಾಗೆ ಕೂರುವುದು ಭಕ್ತರಿಗೆ ಇನ್ನೂ ಕಷ್ಟ, ಯಾಕೆಂದರೆ ಅದು ಗೊತ್ತಿದೆ ಎಂಬ ಭಾವನೆ ಮೊದಲೇ ಬೇರೂರಿರುತ್ತದೆ. ಭಾನುವಾರದ ಧರ್ಮೋಪದೇಶದ ತರಗತಿಗಳಲ್ಲಿ ಮಕ್ಕಳಿಗೂ ಹಿರಿಯರಿಗೂ ಈ 24 ಅಕ್ಷರ ಹೇಳಿಕೊಡಬೇಕು. ಇದರಿಂದ ಪಂಡಿತರು ಹುಟ್ಟದಿರಬಹುದು; ತಾವು ನಂಬಿದ ಮಾತು ಎಷ್ಟು ಜನರ ಶ್ರಮದಿಂದ ತಮ್ಮವರೆಗೆ ಬಂತೆಂದು ಬಲ್ಲ ಓದುಗರು ಖಂಡಿತ ಹುಟ್ಟುತ್ತಾರೆ.